ಗುಳೆ ಹೋಗಿ ಬಂದೆ, ಮಗ ನನ್ನ ಮರೆತನಾ?

ಪ್ರಶ್ನೆ: ನಮ್ಮದು ದೇವದುರ್ಗ ಕಡೆಯ ಹಳ್ಳಿ. ದೀಪಾವಳಿ ಮುಗಿಸಿ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋದವರು ಯುಗಾದಿಗೆ ಬಂದೆವು. ಎರಡು ವರ್ಷದ ಮಗನನ್ನು ಅತ್ತೆ ಹತ್ತಿರ ಬಿಟ್ಟಿದ್ದೆ. ಈಗ ಎತ್ತಿಕೊಂಡರೆ ಕೊಸರಿಕೊಂಡು ಅಜ್ಜಿ ಹತ್ತಿರ ಓಡ್ತಾನೆ. ಎದೆಹಾಲು ಕುಡಿಸಿದ ನನ್ನನ್ನೇ ಮರೆತನಾ?

ಉತ್ತರ: ರಾಯಚೂರು, ಕೊಪ್ಪಳ ಕಡೆಯ ತಾಯಂದಿರು ಪದೇ ಪದೇ ಕೇಳುವ ಪ್ರಶ್ನೆ ಇದು. ಹೆದರಬೇಡಿ. ನಿಮ್ಮ ಜಾಗ ಹೋಗಿಲ್ಲ. ಆದರೆ ಐದು ತಿಂಗಳು ಅಂದರೆ ಅವನು ಬದುಕಿದ ದಿನಗಳಲ್ಲಿ ಹೆಚ್ಚುಕಡಿಮೆ ಐದನೇ ಒಂದು ಪಾಲು. ಅಷ್ಟು ದಿನ ಕಾಣದವರ ತೋಳಿಗೆ ಅವನು ಒಂದೇ ಸಲಕ್ಕೆ ಹಾರಿ ಬರಲಾರ.

ಹುಟ್ಟಿದ ಮೊದಲ ತಿಂಗಳುಗಳಲ್ಲಿ ಕೂಸು ಯಾರ ತೋಳಿಗಾದರೂ ಹೋಗುತ್ತದೆ. ಆರೆಂಟು ತಿಂಗಳಾಗುವಾಗ ತನ್ನವರು ಯಾರು ಅಂತ ಆರಿಸಿಕೊಳ್ಳುತ್ತದೆ. ಹಾಲು ಕೊಟ್ಟವರನ್ನೇ ಹಚ್ಚಿಕೊಳ್ಳುತ್ತದೆ ಅಂತೇನಿಲ್ಲ. ಅತ್ತಾಗ ಓಡಿ ಬಂದವರು, ನಕ್ಕಾಗ ತಿರುಗಿ ನಕ್ಕವರು ಅದಕ್ಕೆ ಬೇಕು. 1964ರಲ್ಲಿ ಶಾಫರ್ ಮತ್ತು ಎಮರ್ಸನ್ ಎಂಬ ಸಂಶೋಧಕರು ಗ್ಲಾಸ್ಗೋ ನಗರದ 60 ಕೂಸುಗಳ ಬಗ್ಗೆ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳಿತು. ಒಂದೂವರೆ ವರ್ಷದ ಹೊತ್ತಿಗೆ ಆ ಮಕ್ಕಳಲ್ಲಿ ಹೆಚ್ಚಿನವರು ಒಬ್ಬರಿಗಿಂತ ಜಾಸ್ತಿ ಜನರನ್ನು ಹಚ್ಚಿಕೊಂಡಿದ್ದರು. ಅಜ್ಜಿಯ ಮೇಲಿನ ಪ್ರೀತಿ ನಿಮ್ಮ ಪಾಲಿನಿಂದ ಕಿತ್ತುಕೊಂಡದ್ದಲ್ಲ.

ಹಾಗಾದರೆ ಮುಖ ಯಾಕೆ ತಿರುಗಿಸುತ್ತಾನೆ? ಹಿಂದೆ ಲಂಡನ್ನಿನ ಆಸ್ಪತ್ರೆಗಳಲ್ಲಿ ದಾಖಲಾದ ಮಕ್ಕಳನ್ನು ನೋಡಲು ಅಪ್ಪ ಅಮ್ಮನಿಗೆ ತುಂಬಾ ಕಡಿಮೆ ಅವಕಾಶವಿತ್ತು. ಮಕ್ಕಳ ಮನೋವೈದ್ಯ ಜಾನ್ ಬೌಲ್ಬಿ ಅವರ ಜೊತೆ ಕೆಲಸ ಮಾಡುತ್ತಿದ್ದ ಜೇಮ್ಸ್ ರಾಬರ್ಟ್‌ಸನ್ ಆ ಮಕ್ಕಳನ್ನು ಹತ್ತಿರದಿಂದ ಗಮನಿಸಿದರು. ಮೊದಲು ಮಗು ಅತ್ತು ಕರೆದು ರಂಪ ಮಾಡುತ್ತಿತ್ತು. ಆಮೇಲೆ ಮಂಕಾಗಿ ಮಲಗುತ್ತಿತ್ತು. ಬಹಳ ದಿನವಾದರೆ ಎಲ್ಲರ ಜೊತೆ ಆಡತೊಡಗುತ್ತಿತ್ತು, ಅಮ್ಮ ಬಂದಾಗ ಮಾತ್ರ ಗುರುತೇ ಇಲ್ಲದಂತೆ ಇರುತ್ತಿತ್ತು. ನೋವು ತಡೆಯಲಾರದ ಮಗು ಹೀಗೆ ದೂರ ಸರಿಯುತ್ತದೆ ಎಂದು ಅವರು ಅರ್ಥಮಾಡಿಕೊಂಡರು. ಮುಂದೆ ಅವರು ಪತ್ನಿ ಜಾಯ್ಸ್ ಜೊತೆ ಸೇರಿ, ತಾಯಿಯಿಂದ ಕೆಲ ದಿನ ದೂರವಾದ ಪುಟ್ಟ ಮಕ್ಕಳನ್ನು ತಮ್ಮ ಮನೆಯಲ್ಲೇ ನೋಡಿಕೊಂಡರು. ಪ್ರೀತಿಯಿಂದ ನೋಡಿಕೊಳ್ಳುವವರು ಸದಾ ಜೊತೆಗಿದ್ದಾಗ ಮಕ್ಕಳು ಅಷ್ಟು ಕುಸಿಯಲಿಲ್ಲ. ನಿಮ್ಮ ಮಗನಿಗೆ ಅಜ್ಜಿ ಇದ್ದರಲ್ವಾ, ಅದು ದೊಡ್ಡ ಪುಣ್ಯ.

ಈಗ ಅವನನ್ನು ಅಜ್ಜಿಯ ಮಡಿಲಿಂದ ಎಳೆದುಕೊಳ್ಳಬೇಡಿ. ಪಕ್ಕದಲ್ಲಿ ಸುಮ್ನೆ ಕೂತುಕೊಳ್ಳಿ. ಅಜ್ಜಿ ರೊಟ್ಟಿ ಮುರಿದು ಹಾಲಿಗೆ ಹಾಕುವಾಗ ಬಟ್ಟಲು ನೀವು ಹಿಡಿಯಿರಿ. ಅವನು ಓರೆಗಣ್ಣಲ್ಲಿ ನೋಡುತ್ತಾನೆ, ಆಗ ನಗಿ. ಒಂದಿನ ಸ್ನಾನಕ್ಕೆ ನೀರು ಹೊಯ್ಯಿರಿ, ಇನ್ನೊಂದಿನ ಮಲಗಿಸುವಾಗ ಪಕ್ಕದಲ್ಲಿರಿ. ‘ಅವ್ವ ಬೇಡವಾ ನಿಂಗೆ?’ ಅಂತ ನಾಲ್ಕು ಜನರೆದುರು ಚುಡಾಯಿಸುವವರನ್ನು ದಯವಿಟ್ಟು ತಡೆಯಿರಿ. ಕೆಲವು ಮಕ್ಕಳು ದಿನಗಳಲ್ಲೇ ಹತ್ತಿರವಾಗುತ್ತಾರೆ, ಕೆಲವರಿಗೆ ವಾರಗಳೇ ಬೇಕು. ಹತ್ತಿರವಾದ ಮೇಲೆ ರಾತ್ರಿ ಎದ್ದು ಅಳಬಹುದು, ನೀವು ಬಚ್ಚಲಿಗೆ ಹೋದರೂ ಬೆನ್ನು ಹತ್ತಬಹುದು. ಗದರಬೇಡಿ, ಮತ್ತೆ ಹೋಗಿಬಿಡ್ತೀರೇನೋ ಅನ್ನುವ ಭಯ ಅದು.

ಮುಂದಿನ ಸಲ ಹೋಗಲೇಬೇಕಾದರೆ ನಿದ್ದೆಯಲ್ಲಿ ಬಿಟ್ಟು ಹೋಗಬೇಡಿ. ಹೇಳಿ ಹೋಗಿ, ಅತ್ತರೂ ಸರಿ. ದಿನಾ ಒಂದೇ ಹೊತ್ತಿಗೆ ವಿಡಿಯೋ ಕಾಲ್ ಮಾಡಿ. ಅಜ್ಜಿಯಿಂದ ಒಮ್ಮೆಲೇ ಬಿಡಿಸಿ ಗುರುತಿಲ್ಲದ ಊರಿಗೆ ಕರೆದೊಯ್ಯುವುದು ಅವನಿಗೆ ಇನ್ನೊಂದು ಅಗಲಿಕೆ. ಆಗುವುದಾದರೆ ಅಜ್ಜಿಯನ್ನೂ ಕರೆದೊಯ್ಯಿರಿ. ಊರಲ್ಲೇ ಉದ್ಯೋಗ ಖಾತ್ರಿ ಕೆಲಸ ಸಿಕ್ಕರೆ ಪಂಚಾಯ್ತಿಯಲ್ಲಿ ‘ಕೂಸಿನ ಮನೆ’ ಇದೆಯಾ ಕೇಳಿ. ಕೂಲಿಗೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗೆಂದೇ ಸರ್ಕಾರ ಶುರುಮಾಡಿದ್ದು ಅದು.

ಇನ್ನೊಂದು ಮಾತು. ಅಜ್ಜಿಯನ್ನೂ ಸೇರಿ ಯಾರನ್ನೂ ಹಚ್ಚಿಕೊಳ್ಳದೆ, ಹೆಸರು ಕರೆದರೂ ತಿರುಗದೆ, ಮಾತೂ ಬಾರದೆ ಇದ್ದರೆ ಅದು ಬೇರೆ ವಿಷಯ. ತಡಮಾಡದೆ ರಾಯಚೂರಿನ ಸರ್ಕಾರಿ ಆಸ್ಪತ್ರೆ ರಿಮ್ಸ್‌ನಲ್ಲೋ ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲೋ ಮಕ್ಕಳ ಡಾಕ್ಟರಿಗೆ ತೋರಿಸಿ.