ಮದುವೆಯಾಗದ ಹುಡುಗಿ ಲೇಡಿ ಡಾಕ್ಟರ್ ಹತ್ತಿರ ಹೋದರೆ ಏನು ಮಾಡುತ್ತಾರೆ?

ಪ್ರಶ್ನೆ: ನನಗೆ 19 ವರ್ಷ, ಡಿಗ್ರಿ ಓದುತ್ತಿದ್ದೇನೆ. ಎರಡು-ಮೂರು ತಿಂಗಳಿಗೊಮ್ಮೆ ಮುಟ್ಟಾಗುತ್ತದೆ. ಲೇಡಿ ಡಾಕ್ಟರಿಗೆ ತೋರಿಸೋಣ ಅಂತ ಅಮ್ಮ ಹೇಳುತ್ತಿದ್ದಾರೆ. ಒಳಗೆ ಕೈ ಹಾಕಿ ನೋಡುತ್ತಾರೆ ಅಂತ ಫ್ರೆಂಡ್ಸ್ ಹೆದರಿಸಿದ್ದಾರೆ. ನಿಜವಾ? ಹೋಗುವ ಮುಂಚೆ ಏನು ತಯಾರಿ ಬೇಕು?

ಉತ್ತರ: ಮೊದಲು ಭಯದ ವಿಷಯ ಮುಗಿಸಿಬಿಡೋಣ. ನಿಮ್ಮಂಥ ತೊಂದರೆಗೆ ಮೊದಲ ಸಲ ಹೋದಾಗ ಹೆಚ್ಚಾಗಿ ನಡೆಯುವುದು ಬರೀ ಮಾತು. ತೂಕ, ಬಿಪಿ ನೋಡುತ್ತಾರೆ. ಹೊಟ್ಟೆ ಒತ್ತಿ ನೋಡಬಹುದು. ಗಲ್ಲದ ಮೇಲೆ ಕೂದಲು ಬಂದಿದೆಯಾ, ಕತ್ತಿನ ಹಿಂದೆ ಕಪ್ಪಾಗಿದೆಯಾ ಅಂತ ಗಮನಿಸುತ್ತಾರೆ, ಪಿಸಿಓಡಿಯ (ಹಾರ್ಮೋನ್ ಏರುಪೇರಾಗಿ ಮುಟ್ಟು ತಪ್ಪುವ ತೊಂದರೆ) ಸುಳಿವು ಅಲ್ಲೂ ಸಿಗುತ್ತದೆ. ದೈಹಿಕ ಸಂಪರ್ಕ ಆಗಿಲ್ಲದ ಹುಡುಗಿಗೆ ಸಾಮಾನ್ಯವಾಗಿ ಒಳಗಿನ ಪರೀಕ್ಷೆ ಮಾಡುವುದಿಲ್ಲ. ಸ್ಕ್ಯಾನಿಂಗ್ ಬರೆದರೂ ಹೊಟ್ಟೆಯ ಮೇಲಿಂದಲೇ. ಪ್ಯಾಪ್ ಸ್ಮಿಯರ್, ಅಂದರೆ ಗರ್ಭಕೊರಳಿನ ಕ್ಯಾನ್ಸರ್ ಪತ್ತೆಯ ಪರೀಕ್ಷೆ, ನಿಮ್ಮ ವಯಸ್ಸಿಗೆ ಬೇಡ. ಒಳಗೆ ನೋಡಲೇಬೇಕು ಅಂದರೆ ಯಾಕೆ ಅಂತ ಕೇಳಿ, ಇಷ್ಟವಿಲ್ಲದಿದ್ದರೆ ಬೇಡ ಅನ್ನಿ. ಡಾಕ್ಟರ್ ಗಂಡಸಾಗಿದ್ದರೆ ಪರೀಕ್ಷೆಯ ಹೊತ್ತಿಗೆ ಇನ್ನೊಬ್ಬ ಹೆಂಗಸು ಜೊತೆಗಿರಬೇಕು ಅಂತ ನೀವು ಕೇಳಬಹುದು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಮಾಡಿರುವ ರೋಗಿಗಳ ಹಕ್ಕುಗಳ ಪಟ್ಟಿಯಲ್ಲೇ ಇದು ಇದೆ.

ಇನ್ನು ತಯಾರಿ. ಬಟ್ಟೆ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಟಾಪ್ ಮತ್ತು ಪ್ಯಾಂಟ್ ಬೇರೆ ಬೇರೆ ಇದ್ದರೆ ಸಾಕು. ವ್ಯಾಕ್ಸಿಂಗ್ ಏನೂ ಬೇಡ. ಬಿಳಿ ಮುಟ್ಟಿನ ತೊಂದರೆಯೂ ಇದ್ದರೆ ಅವತ್ತು ಬೆಳಗ್ಗೆ ಒಳಗೆಲ್ಲ ಸೋಪು ಹಾಕಿ ತೊಳೆಯಬೇಡಿ, ಡಾಕ್ಟರಿಗೆ ಕಾಣಬೇಕಾದದ್ದೇ ತೊಳೆದು ಹೋಗುತ್ತದೆ.

ನಿಜವಾಗಿ ಬೇಕಾಗಿರುವುದು ತಾರೀಕುಗಳು. "ಲಾಸ್ಟ್ ಯಾವಾಗ ಆಗಿದ್ದು?" ಅಂತ ಕುರ್ಚಿ ಎಳೆದು ಕೂರುವ ಮೊದಲೇ ಕೇಳುತ್ತಾರೆ. ಆಗ ನಾವು ಅಮ್ಮನ ಮುಖ ನೋಡುತ್ತೇವೆ, ಅಮ್ಮ "ಹಬ್ಬಕ್ಕೆ ಮುಂಚೆ ಅಲ್ವಾ?" ಅನ್ನುತ್ತಾರೆ. ಗ್ಯಾಸ್ ಬಂದ ದಿನ ಗುರುತು ಹಾಕುವ ಗೋಡೆ ಕ್ಯಾಲೆಂಡರಿನಲ್ಲಿ ಇನ್ನೊಂದು ಚುಕ್ಕೆ ಇಟ್ಟರೂ ಆಯಿತು. ಕೊನೆಯ ನಾಲ್ಕೈದು ಸಲದ ತಾರೀಕು, ಎಷ್ಟು ದಿನ ಹೋಗುತ್ತದೆ, ದಿನಕ್ಕೆ ಎಷ್ಟು ಪ್ಯಾಡ್, ಮೊದಲ ಸಲ ಆದಾಗ ವಯಸ್ಸೆಷ್ಟು, ಇಷ್ಟನ್ನು ಮೊಬೈಲಿನಲ್ಲಿ ಬರೆದುಕೊಳ್ಳಿ. ದೊಡ್ಡವಳಾದ ಮೊದಲೆರಡು ವರ್ಷ ಹಿಂದೆಮುಂದೆ ಆಗುವುದು ಮಾಮೂಲು. 19ಕ್ಕೂ ಮೂರು ತಿಂಗಳು ತಪ್ಪುತ್ತಿದ್ದರೆ ಅಮ್ಮ ಹೇಳುವುದು ಸರಿ, ತೋರಿಸಬೇಕು. ಥೈರಾಯ್ಡ್, ಪ್ರೊಲ್ಯಾಕ್ಟಿನ್ ಅನ್ನುವ ಹಾರ್ಮೋನುಗಳ ರಕ್ತಪರೀಕ್ಷೆ ಬರೆಯುವುದು ಮುಟ್ಟು ತಪ್ಪುವ ಕಾರಣ ಹುಡುಕಲಿಕ್ಕೇ.

ಒಂದು ಮಾತ್ರ ಎಲ್ಲರೂ ಮರೆಯುತ್ತಾರೆ. ಪೂಜೆಗೋ ಗೃಹಪ್ರವೇಶಕ್ಕೋ ಅಡ್ಡ ಬರಬಾರದು ಅಂತ ಮುಟ್ಟು ಮುಂದೂಡುವ ಮಾತ್ರೆ ತಗೊಂಡಿರುತ್ತೀರಿ. ಮೆಡಿಕಲ್ ಶಾಪಿನಲ್ಲಿ ಕೇಳಿದ ಕೂಡಲೇ ಕೊಡುತ್ತಾರೆ, ಹಾಗಾಗಿ ಅದು ಔಷಧಿ ಅಂತಲೇ ಅನಿಸುವುದಿಲ್ಲ. ಆದರೆ ಅದು ಹಾರ್ಮೋನ್. ಆ ತಿಂಗಳ ಲೆಕ್ಕವೇ ಬೇರೆಯಾಗುತ್ತದೆ, ಹೇಳಲೇಬೇಕು.

ಈಗ ಕಷ್ಟದ ಪ್ರಶ್ನೆಗೆ ಬರೋಣ. ಡಾಕ್ಟರ್ "ಮದುವೆ ಆಗಿದೆಯಾ?" ಅಂತ ಕೇಳುತ್ತಾರೆ. ಅವರಿಗೆ ನಿಮ್ಮ ಮದುವೆಯ ಉಸಾಬರಿ ಬೇಕಿಲ್ಲ. ದೈಹಿಕ ಸಂಪರ್ಕ ಇದೆಯಾ ಅನ್ನುವುದನ್ನು ನಮ್ಮ ಕಡೆ ಹೀಗೆ ಸುತ್ತಿ ಕೇಳುತ್ತಾರೆ. ನನಗಂತೂ ಈ ಅಭ್ಯಾಸ ಇಷ್ಟವಿಲ್ಲ. ಮದುವೆ ಆಗಿಲ್ಲ ಅಂದರೆ ಸುಳ್ಳಲ್ಲ, ಆದರೆ ಡಾಕ್ಟರಿಗೆ ಬೇಕಾದ ಉತ್ತರ ಸಿಕ್ಕಿರುವುದಿಲ್ಲ. ಮುಟ್ಟು ನಿಂತಿರುವಾಗ ಗರ್ಭದ ಪರೀಕ್ಷೆ ಬೇಕೇ ಬೇಡವೇ, ಸ್ಕ್ಯಾನಿಂಗ್ ಹೇಗೆ ಮಾಡಬೇಕು, ಯಾವ ಮಾತ್ರೆ ಕೊಡಬೇಕು ಎಲ್ಲ ಅದರ ಮೇಲೇ ನಿಂತಿದೆ. ಅಮ್ಮನ ಎದುರು ಹೇಳಲಾಗದ ಮಾತಿದ್ದರೆ, "ಡಾಕ್ಟರ್, ಎರಡು ನಿಮಿಷ ಒಬ್ಬಳೇ ಮಾತಾಡಬಹುದಾ?" ಅನ್ನಿ. ಪರೀಕ್ಷೆಗೆ ಪರದೆಯ ಹಿಂದೆ ಕರೆದಾಗ ಮೆಲ್ಲಗೆ ಹೇಳಿದರೂ ನಡೆಯುತ್ತದೆ. ನಿಮಗೆ 18 ದಾಟಿದೆ, ನೀವು ಹೇಳಿದ್ದನ್ನು ಮನೆಯವರಿಗೂ ದಾಟಿಸುವಂತಿಲ್ಲ. ತಂಗಿಯಂದಿರು ಇದನ್ನು ಓದುತ್ತಿದ್ದರೆ, 18ರ ಒಳಗಿನವರಿಗೆ ಲೆಕ್ಕ ಬೇರೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೋ ಕಾಯ್ದೆಯ ಪ್ರಕಾರ, ದೈಹಿಕ ಸಂಪರ್ಕ ಆಗಿದೆ ಅಂತ ಗೊತ್ತಾದರೆ ಡಾಕ್ಟರ್ ಅದನ್ನು ಪೊಲೀಸರಿಗೆ ತಿಳಿಸಲೇಬೇಕು.

ಸ್ಕ್ಯಾನಿಂಗ್ ಅಂದರೆ ಹೊಟ್ಟೆ ತುಂಬಾ ನೀರು. ಮೂತ್ರಕೋಶ ತುಂಬಿದ್ದರೆ ಹಿಂದಿರುವ ಗರ್ಭಕೋಶ, ಅಂಡಾಶಯ ಚೆನ್ನಾಗಿ ಕಾಣುತ್ತವೆ. ನಾಲ್ಕೈದು ಲೋಟ ಕುಡಿದು ತಡೆದುಕೊಂಡು ಕೂರಬೇಕು. ನಿಮ್ಮ ಟೋಕನ್ ನಂಬರಿಗೆ ಇನ್ನೆಷ್ಟು ಜನ ಇದ್ದಾರೆ ಅಂತ ಕೇಳಿಕೊಂಡು ಆಮೇಲೆ ಕುಡಿಯಿರಿ. ಇಲ್ಲದಿದ್ದರೆ ಆ ಒಂದು ಗಂಟೆ ಜನ್ಮದಲ್ಲಿ ಮರೆಯುವುದಿಲ್ಲ. ಗೋಡೆಯ ಮೇಲೆ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ ಅನ್ನುವ ಬೋರ್ಡ್, ಸುತ್ತಲೂ ಬಸುರಿಯರು ಇರುತ್ತಾರೆ. ಯಾರಾದರೂ ಪರಿಚಯದ ಆಂಟಿ "ನೀನ್ಯಾಕಮ್ಮ ಇಲ್ಲಿ?" ಅಂದರೆ "ಥೈರಾಯ್ಡ್ ಚೆಕಪ್ ಆಂಟಿ" ಅಂದುಬಿಡಿ. ಪೂರ್ತಿ ಸುಳ್ಳೂ ಅಲ್ಲವಲ್ಲ.

ಇನ್ನೆರಡು ಮಾತು. ಗಂಟೆಗೊಂದು ಪ್ಯಾಡ್ ತೊಯ್ಯುವಷ್ಟು ರಕ್ತ ಹೋಗುತ್ತಿದ್ದರೆ, ತಡೆಯಲಾರದ ಕಿಬ್ಬೊಟ್ಟೆ ನೋವು ಬಂದರೆ ಅಪಾಯಿಂಟ್ಮೆಂಟಿಗೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಮತ್ತೆ, ಹೋದವರು ಎಚ್‌ಪಿವಿ ಲಸಿಕೆ ಬಗ್ಗೆಯೂ ಕೇಳಿ ಬನ್ನಿ. ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಲಸಿಕೆ ಅದು, ನಿಮ್ಮ ವಯಸ್ಸಿಗೆ ಸಾಮಾನ್ಯವಾಗಿ ಆರು ತಿಂಗಳಲ್ಲಿ ಮೂರು ಡೋಸ್.

ಕೊನೆಗೆ ಚೀಟಿ. ಮುಟ್ಟು ಸರಿಮಾಡಲು ಡಾಕ್ಟರ್ ಬರೆಯುವ ಹಾರ್ಮೋನ್ ಮಾತ್ರೆ ಎಷ್ಟೋ ಸಲ ಗರ್ಭನಿರೋಧಕ್ಕೂ ಕೊಡುವ ಮಾತ್ರೆಯೇ ಆಗಿರುತ್ತದೆ. ನಿಮಗೆ ಅರೆತಲೆನೋವು ಇದ್ದರೆ, ಮನೆಯಲ್ಲಿ ಯಾರಿಗಾದರೂ ರಕ್ತ ಹೆಪ್ಪುಗಟ್ಟಿದ ತೊಂದರೆ ಆಗಿದ್ದರೆ ಅದನ್ನು ಬರೆಯುವ ಮುಂಚೆಯೇ ಹೇಳಿ. ಮತ್ತೆ, ಈ ಮಾತ್ರೆ ಯಾಕೆ ಅಂತ ಅಮ್ಮನ ಎದುರಿಗೇ ಡಾಕ್ಟರ್ ಬಾಯಲ್ಲಿ ಹೇಳಿಸಿಬಿಡಿ. ರಾತ್ರಿ ಪಕ್ಕದ ಮನೆಯವರು ಮೊಬೈಲಿನಲ್ಲಿ ಮಾತ್ರೆಯ ಹೆಸರು ಹುಡುಕಿ ಅಮ್ಮನಿಗೆ ಓದಿ ಹೇಳುವುದು ತಪ್ಪುತ್ತದೆ.