ಬಿಳುಚಿದ ಬಂಪರ್, ಬೂದಿ ಬಣ್ಣದ ಬೀಡಿಂಗ್: ಏನು ಹಚ್ಚಬೇಕು?

ಪ್ರಶ್ನೆ: ನಮ್ಮ ಹತ್ತಿರ 1998ರ ಮಾರುತಿ 800 ಇದೆ. ಎಂಜಿನ್ ಚೆನ್ನಾಗಿದೆ, ಪೇಂಟೂ ಪರವಾಗಿಲ್ಲ. ಆದರೆ ಬಂಪರ್, ಬಾಗಿಲ ಪಕ್ಕದ ಪಟ್ಟಿ, ಗಾಜಿನ ಸುತ್ತಲಿನ ರಬ್ಬರ್ ಎಲ್ಲವೂ ಬೂದಿ ಬಳಿದ ಹಾಗೆ ಬೆಳ್ಳಗಾಗಿವೆ. ಒಬ್ಬರು ಡೀಸೆಲ್‌ನಲ್ಲಿ ಒರೆಸಿ ಅನ್ನುತ್ತಾರೆ, ಇನ್ನೊಬ್ಬರು ಕೊಬ್ಬರಿ ಎಣ್ಣೆ ಹಚ್ಚಿ ಅನ್ನುತ್ತಾರೆ. ಯಾವುದು ಸರಿ?

ಎರಡೂ ಬೇಡ. ಅದರಲ್ಲೂ ಡೀಸೆಲ್ ಬಾಟಲಿಯನ್ನು ಕಾರಿನ ಹತ್ತಿರಕ್ಕೂ ತರಬೇಡಿ.

ನಮ್ಮ ಮನೆಯಲ್ಲೂ ಒಂದು 800 ಇತ್ತು. ವಾರಕ್ಕೊಮ್ಮೆ ತೊಳೆಯಲು ಬರುತ್ತಿದ್ದವರು ಕೊನೆಯಲ್ಲಿ ಡೀಸೆಲ್ ಅದ್ದಿದ ಬಟ್ಟೆಯಿಂದ ಕಪ್ಪು ಭಾಗಗಳನ್ನೆಲ್ಲ ಒಮ್ಮೆ ಒರೆಸಿ ಹೋಗುತ್ತಿದ್ದರು. ಆ ಸಂಜೆ ನೋಡಿದರೆ ಗಾಡಿ ಷೋರೂಮಿನಿಂದ ಈಗಷ್ಟೇ ಬಂದ ಹಾಗೆ. ಅಪ್ಪನಿಗೂ ಖುಷಿ, ನನಗೂ ಖುಷಿ. ಒಂದು ಮಳೆಗಾಲ ಮುಗಿಯುವ ಹೊತ್ತಿಗೆ ಬಾಗಿಲಿನ ಬೀಡಿಂಗ್, ಅಂದರೆ ಅಂಚಿನ ರಬ್ಬರ್ ಪಟ್ಟಿ, ಉಬ್ಬಿ, ಮೆತ್ತಗಾಗಿ, ಮೂಲೆಯಲ್ಲಿ ಅಲೆಅಲೆಯಾಗಿ ಎದ್ದು ನಿಂತಿತು. ಬೆರಳಿನಿಂದ ಒತ್ತಿ ಕೂರಿಸಿದರೆ ಕೈ ತೆಗೆದ ಕೂಡಲೇ ಮತ್ತೆ ಮೇಲೆ ಬರುತ್ತಿತ್ತು. ಎಣ್ಣೆ ಕುಡಿದು ಅದು ಉದ್ದವೇ ಆಗಿಬಿಟ್ಟಿತ್ತು. ಕೂರಲು ಜಾಗವೇ ಇರಲಿಲ್ಲ.

ಕಾರಣ ಇಷ್ಟೇ. ಕಾರಿನ ಬಾಗಿಲು, ಗಾಜುಗಳ ರಬ್ಬರ್ ಹೆಚ್ಚಾಗಿ ಇಪಿಡಿಎಂ ಎಂಬ ಜಾತಿಯದು. ಬಿಸಿಲು, ಮಳೆ, ಗಾಳಿಯಲ್ಲಿರುವ ಓಜೋನ್ ಎಲ್ಲಕ್ಕೂ ಅದು ಗಟ್ಟಿಯಾಗಿ ನಿಲ್ಲುತ್ತದೆ. ಸೋಲುವುದು ಪೆಟ್ರೋಲಿಯಂ ಎಣ್ಣೆಗೆ. ಡೀಸೆಲ್, ಸೀಮೆಎಣ್ಣೆ, ಪೆಟ್ರೋಲ್, ಹಳೆ ಎಂಜಿನ್ ಆಯಿಲ್ ಎಲ್ಲವೂ ಅದರೊಳಗೆ ಇಳಿದು ಊದಿಸುತ್ತವೆ. ಕೊಬ್ಬರಿ ಎಣ್ಣೆ ಅಷ್ಟು ಕೆಟ್ಟದ್ದಲ್ಲ, ಆದರೆ ಕೆಲಸಕ್ಕೆ ಬರುವುದಿಲ್ಲ. ಧೂಳನ್ನೆಲ್ಲ ಹಿಡಿದುಕೊಂಡು ಜಿಡ್ಡಾಗುತ್ತದೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುವುದರಿಂದ ಡಿಸೆಂಬರ್ ಬೆಳಗ್ಗೆ ಸಂದಿಗಳಲ್ಲೆಲ್ಲ ಬೆಳ್ಳಗೆ ಕೂತಿರುತ್ತದೆ. ಶೂ ಪಾಲಿಶ್ ಹಚ್ಚುವವರೂ ಇದ್ದಾರೆ. ಬಾಗಿಲಿಗೆ ಒರಗಿದವರ ಬಿಳಿ ಅಂಗಿ ಹಾಳು.

ಹಾಗಾದರೆ ಏನು ಮಾಡಬೇಕು? ಅದಕ್ಕೆ ಮೊದಲು ಈ ಬೆಳ್ಳಗಾಗುವುದು ಏನೆಂದು ತಿಳಿದುಕೊಳ್ಳಬೇಕು. ರಬ್ಬರಿನ ಕಪ್ಪು ಮೇಲೆ ಬಳಿದದ್ದಲ್ಲ. ಕಾರ್ಬನ್ ಬ್ಲ್ಯಾಕ್ ಎಂಬ ಮಸಿಯನ್ನು ಹಿಟ್ಟಿಗೆ ಉಪ್ಪು ಕಲಸಿದಂತೆ ತಯಾರಿಯಲ್ಲೇ ಕಲಸಿರುತ್ತಾರೆ. ಅದು ರಬ್ಬರಿಗೆ ಬಲ ಕೊಡುತ್ತದೆ, ಬಿಸಿಲಿನ ನೇರಳಾತೀತ ಕಿರಣವನ್ನೂ ತಡೆಯುತ್ತದೆ. ಬಂಪರ್ ಪ್ಲಾಸ್ಟಿಕ್ಕಿನ ಕಪ್ಪು ಕೂಡ ಮೈಯೆಲ್ಲ ಬೆರೆತಿರುವುದೇ. ವರ್ಷಗಟ್ಟಲೆ ಬಿಸಿಲಲ್ಲಿ ನಿಂತಾಗ ಮೇಲಿನ ತೆಳು ಪದರ ಆಕ್ಸಿಡೀಕರಣವಾಗಿ ಸಾಯುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು ಬಿಡುತ್ತದೆ. ಆ ಬಿರುಕುಗಳಲ್ಲಿ ಬೆಳಕು ಚದುರಿ ನಮಗೆ ಬೂದು ಕಾಣುತ್ತದೆ. ಎಣ್ಣೆ ಸವರಿದರೆ ಬಿರುಕು ತುಂಬಿ ಕಪ್ಪಾಗುತ್ತದೆ, ಎಣ್ಣೆ ಆರಿದರೆ ಮತ್ತೆ ಬೂದು. ಒಳಗಿನ ಕಪ್ಪು ಹಾಗೇ ಇದೆ. ಸತ್ತ ಪದರವನ್ನು ತೆಗೆಯದೆ ಮೇಲೆ ಏನು ಹಚ್ಚಿದರೂ ಎರಡು ವಾರದ ಸಂಭ್ರಮ.

ಇನ್ನೊಂದು: ನೀವು ಒಂದೇ ಉಸಿರಿನಲ್ಲಿ ಹೇಳಿದ ಭಾಗಗಳು ಒಂದೇ ವಸ್ತುವಿನವಲ್ಲ. ಬಂಪರ್ ಪಾಲಿಪ್ರೊಪಿಲೀನ್ ಕುಟುಂಬದ ಪ್ಲಾಸ್ಟಿಕ್, ಗಾಜಿನ ಸುತ್ತ ಇರುವುದು ರಬ್ಬರ್. ಅನುಮಾನವಿದ್ದರೆ ಉಗುರಿನಿಂದ ಒತ್ತಿ ನೋಡಿ. ತಗ್ಗಾಗಿ ಮತ್ತೆ ಎದ್ದು ಬಂದರೆ ರಬ್ಬರ್; ಒತ್ತಿದರೂ ಜಗ್ಗದಿದ್ದರೆ ಪ್ಲಾಸ್ಟಿಕ್, ಇಲ್ಲವೇ ಒಣಗಿ ಕಲ್ಲಾದ ರಬ್ಬರ್.

ಈಗ ತೊಳೆಯುವ ಕೆಲಸ. ಇಡೀ ಶ್ರಮದಲ್ಲಿ ಮುಕ್ಕಾಲು ಪಾಲು ಇಲ್ಲೇ ಹೋಗಬೇಕು, ಜನ ಅವಸರ ಮಾಡುವುದೂ ಇಲ್ಲೇ. ಕಾರನ್ನು ನೆರಳಲ್ಲಿ ನಿಲ್ಲಿಸಿ, ಬಂಪರ್ ಮುಟ್ಟಿದರೆ ತಣ್ಣಗಿರಬೇಕು. ಉಗುರುಬೆಚ್ಚಗಿನ ನೀರಿಗೆ ಒಂದಿಷ್ಟು ಪಾತ್ರೆ ತೊಳೆಯುವ ದ್ರವ ಹಾಕಿ, ಮೆತ್ತನೆ ಬ್ರಷ್‌ನಿಂದ ಉಜ್ಜಿ. ಸಂದಿಗಳಿಗೆ ಹಳೆ ಟೂತ್‌ಬ್ರಷ್ ಸಾಕು. ಮೊದಲ ಸುತ್ತಿನ ನೊರೆ ಕಂದು ಬಣ್ಣಕ್ಕೆ ತಿರುಗುತ್ತದೆ: ಅದು ವರ್ಷಗಳಿಂದ ಹಚ್ಚಿದ ಎಣ್ಣೆ, ಪಾಲಿಶ್, ಧೂಳು. ತೊಳೆದು ಮತ್ತೆ ಉಜ್ಜಿ. ಎರಡನೇ, ಮೂರನೇ ಸುತ್ತಿಗೆ ನೊರೆ ಬೂದುಗಪ್ಪಾಗುತ್ತದೆ. ಸತ್ತ ಪದರ ಕಳಚುತ್ತಿರುವುದು ಆಗ. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಇರುವ ಗಾಡಿಯಾದರೆ ಗಾಜಿನ ರಬ್ಬರ್ ಸಂದಿಯಲ್ಲಿ ಹಸಿರು ಪಾಚಿಯೂ ಬರುತ್ತದೆ, ಅದನ್ನು ಬಿಡಬೇಡಿ. ಒದ್ದೆ ಬಿಳಿ ಬಟ್ಟೆಯಿಂದ ಒರೆಸಿದಾಗ ಬಟ್ಟೆಗೆ ಹೆಚ್ಚೇನೂ ಅಂಟುತ್ತಿಲ್ಲ ಅನ್ನಿಸಿದ ಮೇಲೆ ನಿಲ್ಲಿಸಿ. ಆಮೇಲೆ ಪೂರ್ತಿ ಒಣಗಬೇಕು, ನಾನಂತೂ ಒಂದು ರಾತ್ರಿ ಬಿಡುತ್ತೇನೆ.

ಬಾಡಿ ಪಾಲಿಶ್ ತಾಗಿ ಆದ ಬಿಳಿ ಗೆರೆಗಳು ಇದ್ದರೆ ಅವು ಸೋಪಿಗೆ ಬಗ್ಗುವುದಿಲ್ಲ. ಮಕ್ಕಳ ಪೆನ್ಸಿಲ್ ಡಬ್ಬಿಯಲ್ಲಿರುವ ಅಳಿಸುವ ರಬ್ಬರ್ ತೆಗೆದುಕೊಂಡು ಗೆರೆಯ ಮೇಲೆ ಉಜ್ಜಿ. ವ್ಯಾಕ್ಸ್ ಉಂಡೆಯುಂಡೆಯಾಗಿ ಕಳಚಿ ಬರುತ್ತದೆ. ನಾಲ್ಕಂಗುಲ ಗೆರೆಗೆ ಎರಡು ನಿಮಿಷ ಹಿಡಿಯಬಹುದು, ಆದರೂ ಇದಕ್ಕಿಂತ ಸುರಕ್ಷಿತ ದಾರಿ ನಾನು ಕಂಡಿಲ್ಲ.

ಹಚ್ಚುವುದಕ್ಕೆ ನೀರಿನ ಆಧಾರದ ಟ್ರಿಮ್ ಡ್ರೆಸಿಂಗ್ (ಕಾರಿನ ಕಪ್ಪು ರಬ್ಬರ್, ಪ್ಲಾಸ್ಟಿಕ್ ಭಾಗಗಳಿಗೆಂದೇ ಬರುವ ದ್ರವ) ಕೊಳ್ಳಿ. ಬಾಟಲಿ ಅಲುಗಾಡಿಸಿದರೆ ಹಾಲಿನಂತೆ ಬೆಳ್ಳಗಿರುತ್ತದೆ. ಎಣ್ಣೆಯಂತೆ ಪಾರದರ್ಶಕವಾಗಿದ್ದು ಸೀಮೆಎಣ್ಣೆ ವಾಸನೆ ಹೊಡೆಯುವ ಡಬ್ಬಿ ರಬ್ಬರಿಗೆ ಬೇಡ; ಅದರಲ್ಲಿ ಪೆಟ್ರೋಲಿಯಂ ದ್ರಾವಕ ಇರುತ್ತದೆ. ಸ್ಪಂಜಿಗೆ ಸ್ವಲ್ಪ ಹಾಕಿ ತೆಳುವಾಗಿ ಸವರಿ, ಕಾಲು ಗಂಟೆ ಬಿಟ್ಟು, ಹೆಚ್ಚಾದದ್ದನ್ನು ಒಣ ಬಟ್ಟೆಯಿಂದ ಒರೆಸಿ ತೆಗೆಯಿರಿ. ಒರೆಸದೆ ಬಿಟ್ಟರೆ ಮೊದಲ ಮಳೆಗೆ ಇಳಿದು ಬಾಗಿಲ ಮೇಲೆ ಕಣ್ಣೀರಿನ ಗೆರೆ ಮೂಡುತ್ತದೆ. ಪ್ಲಾಸ್ಟಿಕ್ ಬಂಪರಿಗೆ ಮಾತ್ರ ಇನ್ನೂ ಒಂದು ಆಯ್ಕೆ ಇದೆ: ಒಣಗಿ ಗಟ್ಟಿ ಪೊರೆಯಾಗಿ ಕೂರುವ ಕೋಟಿಂಗ್ ಮಾದರಿಯ ರೆಸ್ಟೋರರ್. ಬೆಲೆ ಹೆಚ್ಚು, ಬಾಳಿಕೆಯೂ ಹೆಚ್ಚು. ಆದರೆ ತೊಳೆಯುವುದರಲ್ಲಿ ಉಳಿದ ಒಂದೊಂದು ಕಲೆಯನ್ನೂ ಅದು ಒಳಗೇ ಮುಚ್ಚಿಬಿಡುತ್ತದೆ.

ಗಾಡಿಯನ್ನು ಸದ್ಯದಲ್ಲೇ ಟಿಂಕರಿಂಗ್-ಪೇಂಟಿಂಗ್‌ಗೆ ಬಿಡುವವರಿದ್ದರೆ ಈ ಕೆಲಸವನ್ನು ಆಮೇಲೆ ಮಾಡಿ. ಡ್ರೆಸಿಂಗಿನ ಸಿಲಿಕೋನ್ ತಗಡಿನ ಮೇಲೆ ಒಂದು ಹನಿ ಉಳಿದರೂ ಹೊಸ ಪೇಂಟ್ ಅಲ್ಲಿ ಹಿಡಿಯದೆ, ಮೀನಿನ ಕಣ್ಣಿನಂಥ ಗುಂಡಿ ಬೀಳುತ್ತದೆ. ವೈಪರ್ ಬ್ಲೇಡ್, ಪೆಡಲ್ ರಬ್ಬರ್, ಟೈರಿನ ನೆಲ ಮುಟ್ಟುವ ಭಾಗಕ್ಕಂತೂ ಇದು ತಾಗಲೇಬಾರದು, ಜಾರುತ್ತದೆ.

ಹಾಟ್ ಏರ್ ಗನ್‌ನಿಂದ ಬಂಪರನ್ನು ಕಾಯಿಸಿ ಕಣ್ಣೆದುರೇ ಕಪ್ಪಾಗಿಸುವ ವಿಡಿಯೊಗಳನ್ನು ನೀವೂ ನೋಡಿರುತ್ತೀರಿ. ಅದು ಸುಳ್ಳಲ್ಲ, ಮೇಲಿನ ಪದರ ಸ್ವಲ್ಪ ಕರಗಿ ನುಣುಪಾಗುತ್ತದೆ. ಆದರೆ ಪಾಲಿಪ್ರೊಪಿಲೀನ್ ಸುಮಾರು 160 ಡಿಗ್ರಿಗೆಲ್ಲ ಕರಗುತ್ತದೆ, ಗನ್ನಿನ ಗಾಳಿ ಅದಕ್ಕಿಂತ ತುಂಬಾ ಬಿಸಿ. ಕೈ ಒಂದು ಕ್ಷಣ ನಿಂತರೆ ಬಂಪರ್ ಸೊಟ್ಟ, ಪಕ್ಕದ ಪೇಂಟ್ ಗುಳ್ಳೆ. ರಬ್ಬರಿನ ಮೇಲಂತೂ ಪ್ರಯತ್ನಿಸಲೇಬೇಡಿ. ಬಂಪರಿನ ಮೇಲೂ ನಾನು ಮಾಡುವುದಿಲ್ಲ.

ಇಷ್ಟೆಲ್ಲ ಮಾಡುವ ಮೊದಲು ಬಾಗಿಲಿನ ಬೀಡಿಂಗಿಗೆ ಒಂದು ಪರೀಕ್ಷೆ ಮಾಡಿ. ಒಂದು ಹಾಳೆಯ ಪಟ್ಟಿಯನ್ನು ಬೀಡಿಂಗ್ ಮೇಲಿಟ್ಟು ಬಾಗಿಲು ಹಾಕಿ, ಹೊರಗಿನಿಂದ ಎಳೆಯಿರಿ. ಬಿಗಿಯಾಗಿ ಹಿಡಿದುಕೊಂಡರೆ ರಬ್ಬರಿಗೆ ಇನ್ನೂ ಜೀವ ಇದೆ, ತೊಳೆದು ಬಟ್ಟೆಯಿಂದ ಒಂದಿಷ್ಟು ಸಿಲಿಕೋನ್ ಗ್ರೀಸ್ ಸವರಿ. ಹಾಳೆ ಸಲೀಸಾಗಿ ಜಾರಿ ಬಂದರೆ, ಅಥವಾ ಬಗ್ಗಿಸಿದಾಗ ಅಡ್ಡಡ್ಡ ಬಿರುಕು ಬಾಯಿ ಬಿಟ್ಟರೆ, ಯಾವ ಬಾಟಲಿಯಿಂದಲೂ ಅದು ಸರಿಹೋಗುವುದಿಲ್ಲ. ಮುಂದಿನ ಗಾಜಿನ ರಬ್ಬರ್ ಹೀಗಾಗಿದ್ದರೆ ತಡಮಾಡಬೇಡಿ. ಒಳಗೆ ಇಳಿದ ನೀರು ಗಾಜಿನ ಚೌಕಟ್ಟಿನ ತಗಡನ್ನು ಹೊರಗೆ ಕಾಣದಂತೆ ತುಕ್ಕು ಹಿಡಿಸುತ್ತದೆ. ಬೆಂಗಳೂರಿನವರಾದರೆ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಿ. ಕಳಚಿದ ಹಳೆ ಬೀಡಿಂಗಿನ ನಾಲ್ಕಂಗುಲ ತುಂಡು ಕೈಯಲ್ಲಿರಲಿ, ಕತ್ತರಿಸಿದ ಬಾಯಿಯ ಆಕಾರ ಹೊಸದಕ್ಕೆ ಹೊಂದುತ್ತದೆಯೇ ಎಂದು ಅಲ್ಲೇ ಇಟ್ಟು ನೋಡಿ.