ಮೊದಲ ದಿನ ಸಾಕ್ಷಿ ಏನು ಹೇಳಿದ್ದರು?

ಕೋರ್ಟ್ ಪ್ರಕರಣಗಳಲ್ಲಿ ಸಾಕ್ಷಿಗಳ ನೆನಪಿನ ಬಗ್ಗೆ ವರದಿ ಬರೆಯುವುದು ನನ್ನ ಕೆಲಸ. ವಕೀಲರು ಫೋನ್ ಮಾಡಿದರೆ ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. "ಈ ಸಾಕ್ಷಿ ಸುಳ್ಳು ಹೇಳ್ತಿದ್ದಾರಾ, ಸ್ವಲ್ಪ ನೋಡಿ ಹೇಳ್ತೀರಾ?" ಕೆಲವರು ವಿಡಿಯೊ ಕಳಿಸುತ್ತಾರೆ. ಒಬ್ಬರಂತೂ ಸಾಕ್ಷಿ ಎಲ್ಲೆಲ್ಲಿ ಮೂಗು ಮುಟ್ಟಿಕೊಂಡರು, ಎಲ್ಲೆಲ್ಲಿ ಕಣ್ಣು ತಪ್ಪಿಸಿದರು ಅಂತ ನಿಮಿಷ, ಸೆಕೆಂಡು ಸಮೇತ ಪಟ್ಟಿ ಮಾಡಿದ್ದರು. ಪಾಪ, ರಾತ್ರಿಯೆಲ್ಲ ಕೂತಿರಬೇಕು. ಮುಖ ನೋಡಿ ಸುಳ್ಳು ಹಿಡಿಯುವ ವಿದ್ಯೆ ನನ್ನ ಹತ್ತಿರ ಇಲ್ಲ. ಪೊಲೀಸರ ಹತ್ತಿರವೂ ಇಲ್ಲ. 2006ರಲ್ಲಿ ಬಾಂಡ್ ಮತ್ತು ಡಿಪಾಲೊ ಎಂಬ ಸಂಶೋಧಕರು ಇಂಥ ನೂರಾರು ಪ್ರಯೋಗಗಳನ್ನು ಒಟ್ಟು ಸೇರಿಸಿ ಲೆಕ್ಕ ಹಾಕಿದರು. ಜನ ಸರಿಯಾಗಿ ಹೇಳಿದ್ದು ಸರಾಸರಿ ಶೇ. 54ರಷ್ಟು ಸಲ. ಸುಮ್ನೆ ಊಹಿಸಿದರೂ 50 ಸಿಗುತ್ತದೆ. ಅಲ್ಲಿಗೆ ಆ ಮಾತು ಮುಗಿಯಿತು.

ನನ್ನ ತಾಳ್ಮೆ ಕೆಡಿಸುವುದು ಇನ್ನೊಂದು ಮಾತು. "ಸುಳ್ಳು ಹೇಳೋಕೆ ಅವರಿಗೆ ಕಾರಣವೇ ಇಲ್ಲ. ಕಟಕಟೆಯಲ್ಲಿ ನಿಂತು, ಬೆರಳು ತೋರಿಸಿ, ಇವನೇ ಅಂದಿದ್ದಾರೆ. ಪಾಟಿ ಸವಾಲಿಗೂ ಜಗ್ಗಲಿಲ್ಲ. ಇನ್ನೇನು ಬೇಕು?" ಬಹಳಷ್ಟು ಬೇಕು. ಪಾಟಿ ಸವಾಲಿನಲ್ಲಿ ಸುಳ್ಳುಗಾರ ಸಿಕ್ಕಿಬೀಳಬಹುದು. ತಪ್ಪು ಮುಖವನ್ನೇ ಸರಿ ಅಂತ ಮನಸಾರೆ ನಂಬಿದವರು ಹೇಗೆ ಸಿಕ್ಕಿಬೀಳುತ್ತಾರೆ? ಅವರು ಏನನ್ನೂ ಮುಚ್ಚಿಡುತ್ತಿಲ್ಲ. ಎಷ್ಟು ಸಲ ಕೇಳಿದರೂ ಅದೇ ಉತ್ತರ ಬರುತ್ತದೆ, ಪ್ರತಿ ಸಲವೂ ಪ್ರಾಮಾಣಿಕವಾಗಿ.

ಕೋರ್ಟಿನಲ್ಲಿ ಕಾಣುವ ಆ ಧೈರ್ಯ ಘಟನೆ ನಡೆದ ದಿನದ್ದೇ ಆಗಿರಬೇಕಿಲ್ಲ. ನಡುವೆ ಅದು ಬೆಳೆದಿರಬಹುದು. ಮನಶ್ಶಾಸ್ತ್ರಜ್ಞರಾದ ಗ್ಯಾರಿ ವೆಲ್ಸ್ ಮತ್ತು ಏಮಿ ಬ್ರಾಡ್‌ಫೀಲ್ಡ್ 1998ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನಾನು ಹೋದಲ್ಲೆಲ್ಲ ಹೇಳುತ್ತೇನೆ. ಅವರು ಜನರಿಗೆ ಭದ್ರತಾ ಕ್ಯಾಮೆರಾದ ಒಂದು ದೃಶ್ಯ ತೋರಿಸಿದರು. ಬಂದೂಕುಧಾರಿಯೊಬ್ಬ ಅದರಲ್ಲಿ ಕಾಣುತ್ತಾನೆ. ಆಮೇಲೆ ಕೆಲವು ಫೋಟೊ ಕೊಟ್ಟು ಅವನನ್ನು ಗುರುತಿಸಿ ಅಂದರು. ಆ ಫೋಟೊಗಳಲ್ಲಿ ಅವನು ಇರಲೇ ಇಲ್ಲ. ಆದರೂ ಎಲ್ಲರೂ ಯಾರನ್ನೋ ಒಬ್ಬರನ್ನು ಆರಿಸಿದರು. ಅಂದರೆ ಎಲ್ಲರದೂ ತಪ್ಪು. ಕೆಲವರಿಗೆ ಮಾತ್ರ "ಒಳ್ಳೇದು, ನೀವು ಶಂಕಿತನನ್ನೇ ಗುರುತಿಸಿದ್ರಿ" ಅಂತ ಒಂದು ಮಾತು ಹೇಳಿದರು.

ಆ ಒಂದು ಮಾತು ಎಷ್ಟು ಕೆಲಸ ಮಾಡಿತು ನೋಡಿ. ಅದನ್ನು ಕೇಳಿಸಿಕೊಂಡವರು, ಆರಿಸುವಾಗಲೇ ತಮಗೆ ಪೂರ್ತಿ ಖಾತ್ರಿಯಿತ್ತು ಅಂದರು. ಮುಖ ಚೆನ್ನಾಗಿ ಕಂಡಿತ್ತು ಅಂದರು. ಗಮನವಿಟ್ಟು ನೋಡಿದ್ದೆ ಅಂದರು. ಏನೂ ಹೇಳಿಸಿಕೊಳ್ಳದವರು ಇಷ್ಟು ಜೋರಾಗಿ ಹೇಳಲಿಲ್ಲ. ಎಲ್ಲರೂ ನೋಡಿದ್ದು ಅದೇ ಮಸುಕು ದೃಶ್ಯ! ಹೊಗಳಿಕೆ ಬಂದದ್ದು ಆರಿಸಿದ ಮೇಲೆ, ಆದರೆ ಬದಲಾದದ್ದು ಆರಿಸುವ ಮೊದಲಿನ ನೆನಪು. ಹಾಗಾಗಿ "ಆಗ ನಿಮಗೆ ಎಷ್ಟು ಖಾತ್ರಿಯಿತ್ತು?" ಅಂತ ಕೋರ್ಟಿನಲ್ಲಿ ಕೇಳಿ ಪ್ರಯೋಜನ ಜಾಸ್ತಿ ಇಲ್ಲ. ಉತ್ತರ ಬರುವುದು ಈಗಿನ ಖಾತ್ರಿಯಿಂದ.

ಈ ಮಾತನ್ನು ಯಾರೂ ಕೆಟ್ಟ ಉದ್ದೇಶದಿಂದ ಆಡಬೇಕಾಗಿಲ್ಲ. ನನಗೆ ಗೊತ್ತಿದ್ದ ತನಿಖಾಧಿಕಾರಿಯೊಬ್ಬರು ತುಂಬಾ ಮೃದು ಮನಸ್ಸಿನವರು. ಶಂಕಿತನನ್ನು ಬೇರೆಯವರ ಜೊತೆ ಸಾಲಾಗಿ ನಿಲ್ಲಿಸಿ ಗುರುತು ಹಿಡಿಸುವ ಗುರುತಿನ ಪರೇಡ್ ಮುಗಿದು ಸಾಕ್ಷಿ ಅಳುತ್ತಿದ್ದರೆ ಅವರಿಗೆ ತಡೆಯುತ್ತಿರಲಿಲ್ಲ. "ಸರಿಯಾಗೇ ಹೇಳಿದ್ದೀರಮ್ಮ, ಸಮಾಧಾನ ಮಾಡ್ಕೊಳ್ಳಿ" ಅನ್ನುತ್ತಿದ್ದರು. ಇದರಿಂದ ಸಾಕ್ಷ್ಯ ಕೆಡುತ್ತದೆ ಅಂದಾಗ ಅವರಿಗೆ ಬೇಜಾರಾಯಿತು. "ಹಾಗಾದ್ರೆ ಮನುಷ್ಯತ್ವ ಬೇಡ್ವಾ?" ಅಂದರು. ನೀರು ಕೊಡಿ, ಕೂರಿಸಿ, ಮನೆಗೆ ಕಳಿಸಿಕೊಡಿ. ಆರಿಸಿದ್ದು ಸರಿಯೋ ತಪ್ಪೋ ಅನ್ನೋದನ್ನು ಬಿಟ್ಟು ಬೇರೆ ಏನು ಬೇಕಾದರೂ ಮಾತಾಡಿ ಅಂದೆ.

ಅಮೆರಿಕದ ರೊನಾಲ್ಡ್ ಕಾಟನ್ ಪ್ರಕರಣದಲ್ಲಿ ಇದೇ ಆಯಿತು. 1984ರಲ್ಲಿ ಉತ್ತರ ಕೆರೊಲಿನಾದಲ್ಲಿ ಅತ್ಯಾಚಾರಕ್ಕೊಳಗಾದ ವಿದ್ಯಾರ್ಥಿನಿ, ಬದುಕಿ ಉಳಿದರೆ ಗುರುತಿಸಬೇಕು ಅಂತ ಆ ಹೊತ್ತಿನಲ್ಲೂ ದಾಳಿಕೋರನ ಮುಖವನ್ನು ಗಮನವಿಟ್ಟು ನೋಡಿದ್ದರು. ಆದರೂ ಫೋಟೊಗಳಲ್ಲಿ ಕಾಟನ್‌ನನ್ನು ಆರಿಸಲು ನಿಮಿಷಗಟ್ಟಲೆ ಬೇಕಾಯಿತು. ಪರೇಡಿನಲ್ಲಿ ಇಬ್ಬರ ನಡುವೆ ತಡವರಿಸಿದರು. ಫೋಟೊದಲ್ಲೂ ಪರೇಡಿನಲ್ಲೂ ಇದ್ದವನು ಕಾಟನ್ ಒಬ್ಬನೇ. ಆಮೇಲೆ, ಫೋಟೊದಲ್ಲಿ ಆರಿಸಿದ್ದೂ ಇವನನ್ನೇ ಅಂತ ಪೊಲೀಸರು ತಿಳಿಸಿದರು. ಕೋರ್ಟಿಗೆ ಬರುವ ಹೊತ್ತಿಗೆ ಅನುಮಾನದ ಸುಳಿವೂ ಉಳಿದಿರಲಿಲ್ಲ. 1987ರ ಮರುವಿಚಾರಣೆಯಲ್ಲಿ ನಿಜವಾದ ಅಪರಾಧಿಯನ್ನೇ ಕರೆತಂದು ನಿಲ್ಲಿಸಿದರೆ, ಇವನನ್ನು ನೋಡಿಯೇ ಇಲ್ಲ ಅಂದರು. 1995ರಲ್ಲಿ ಡಿಎನ್ಎ ಪರೀಕ್ಷೆ ಬರುವ ತನಕ ಕಾಟನ್ ಜೈಲಿನಲ್ಲೇ ಇದ್ದ. ಆ ಹೆಣ್ಣುಮಗಳು ಒಂದು ಸುಳ್ಳನ್ನೂ ಹೇಳಿರಲಿಲ್ಲ.

ಇಷ್ಟು ಹೇಳಿದ ಕೂಡಲೇ ಆರೋಪಿ ಪರ ವಕೀಲರ ಮುಖ ಅರಳುತ್ತದೆ. "ಅಂದ್ರೆ ಪ್ರತ್ಯಕ್ಷ ಸಾಕ್ಷ್ಯವೇ ನಂಬಿಕೆಗೆ ಯೋಗ್ಯ ಅಲ್ಲ ಅಂತ ಬರೆದುಕೊಡಿ." ಬರೆಯುವುದಿಲ್ಲ. ಅದೂ ತಪ್ಪೇ. ಮೊದಲ ಸಲ, ಸರಿಯಾದ ಕ್ರಮದಲ್ಲಿ, ಯಾರ ಸುಳಿವೂ ಇಲ್ಲದೆ ಗುರುತಿಸುವಾಗ ಸಾಕ್ಷಿ ತೋರಿಸುವ ಖಾತ್ರಿಗೆ ಸಾಕಷ್ಟು ಬೆಲೆಯಿದೆ. ಜಾನ್ ವಿಕ್ಸ್‌ಟೆಡ್ ಮತ್ತು ಅದೇ ವೆಲ್ಸ್ 2017ರಲ್ಲಿ ಇದನ್ನು ವಿವರವಾಗಿ ತೋರಿಸಿದ್ದಾರೆ. ಅಂಥ ಕಡೆ ತಕ್ಷಣ, ಖಚಿತವಾಗಿ ಗುರುತಿಸಿದವರು ಬಹುತೇಕ ಸರಿಯಿರುತ್ತಾರೆ. ತಡವರಿಸಿದವರ ಬಗ್ಗೆ ಆ ಮಾತು ಹೇಳಲಾಗದು.

ಕ್ರಮ ಅಂದರೆ ದೊಡ್ಡ ವಿಷಯವೇನಲ್ಲ. ಪರೇಡ್ ನಡೆಸುವವರಿಗೆ ಶಂಕಿತ ಯಾರು ಅಂತ ಗೊತ್ತಿರಬಾರದು. ಗೊತ್ತಿಲ್ಲದವರು ಸುಳಿವು ಕೊಡುವುದಾದರೂ ಹೇಗೆ? ಅಪರಾಧಿ ಇಲ್ಲಿ ಇರದೆಯೂ ಇರಬಹುದು ಅಂತ ಸಾಕ್ಷಿಗೆ ಮೊದಲೇ ಹೇಳಬೇಕು. ಆರಿಸಿದ ಕೂಡಲೇ, ಎಷ್ಟು ಖಾತ್ರಿ ಅನ್ನೋದನ್ನು ಅವರದೇ ಮಾತಿನಲ್ಲಿ ಬರೆದಿಡಬೇಕು, ಸಾಧ್ಯವಾದರೆ ರೆಕಾರ್ಡ್ ಮಾಡಬೇಕು. "ಇವನಿರಬಹುದೇನೋ, ಮೂಗು ಹಂಗೇ ಇದೆ" ಅಂದರೆ ಅಷ್ಟನ್ನೇ ಬರೆಯಿರಿ. ಫೈಲಿನಲ್ಲಿ ಅದು "ಆರೋಪಿಯನ್ನು ಗುರುತಿಸಿದರು" ಅಂತ ಆಗಿಬಿಟ್ಟರೆ, ನನ್ನಂಥವರು ಹೇಳಬಹುದಾದ ಅರ್ಧದಷ್ಟು ವಿಷಯ ಅಲ್ಲೇ ಹೋಯಿತು.

ಇಷ್ಟೆಲ್ಲ ಇದ್ದರೂ ಈ ಸಾಕ್ಷಿ ಸರಿ, ಆ ಸಾಕ್ಷಿ ತಪ್ಪು ಅಂತ ನಾನು ತೀರ್ಪು ಕೊಡುವುದಿಲ್ಲ. ಯಾವ ಸನ್ನಿವೇಶದಲ್ಲಿ ತಪ್ಪು ಜಾಸ್ತಿ, ಯಾವುದರಲ್ಲಿ ಕಡಿಮೆ ಅನ್ನುವವರೆಗೆ ಮಾತ್ರ ನನ್ನ ಕೆಲಸ. ಉಳಿದದ್ದು ನ್ಯಾಯಾಧೀಶರದು. ಫೈಲಿನಲ್ಲಿ ಮೊದಲ ದಿನದ ಮಾತೇ ಇಲ್ಲದಿದ್ದರೆ ವರದಿಯಲ್ಲೂ ಅದನ್ನೇ ಬರೆದು ವಾಪಸ್ ಕಳಿಸುತ್ತೇನೆ. ಎರಡೂ ಕಡೆಯವರು ಬೈದುಕೊಳ್ಳುತ್ತಾರೆ.